ಎರಡು ಕಾಲಿನ ಹುಲಿ

ಗುರುಗುಂಟಾ
ಜುಲೈ ೧೦, ಬುಧವಾರ

ನನ್ನ ಮಗ ಜಬೀವುಲ್ಲಾನಿಗೆ ಅಮ್ಮನ ದುವಾ.

ಹೇಗಿದ್ದೀ? ಟ್ರಾಕ್ಟರ್ ಮೇಲೆ ಕೂತು ಬಂದ ಸೊಂಟನೋವು ಇಳಿಯಿತೋ ಇಲ್ಲವೋ? ಬಿಸಿ ಮಾಡಿ ಹಚ್ಚಿಕೋ ಎಂದು ಎಳ್ಳೆಣ್ಣೆ ಬಾಟಲಿ ಕಟ್ಟಿಕೊಟ್ಟಿದ್ದೆ. ನೀನು ಅದನ್ನು ಟ್ರಾಕ್ಟರಿಗೇ ಹಾಕಿರಬೇಕು. ವಳಕಮದಿನ್ನಿಯ ಗದ್ದೆಗಳಲ್ಲಿ ಸೊಳ್ಳೆ ಬಹಳವಂತೆ, ಪರದೆ ಕಟ್ಟಿಕೊಂಡು ಮಲಗು. ಇಲ್ಲಿ ಎಲ್ಲರೂ ಆರಾಮ. ನನ್ನ ಮೊಣಕಾಲು ಆರಾಮ ಇಲ್ಲ, ಆದರೆ ಅದನ್ನು ಕೇಳುವವರು ಯಾರು. ನಿನ್ನ ಹೆಂಡತಿ ಶಾಕೀರಾ ಹೊಲಿಗೆ ಮಷಿನ್ ಬಿಟ್ಟು ಏಳುವುದಿಲ್ಲ, ಊರಿನ ಅರ್ಧ ಹೆಂಗಸರ ಜಂಪರು ನಮ್ಮ ಮನೆಯಲ್ಲೇ ಬಿದ್ದಿವೆ. ಆಡು ಎರಡು ಮರಿ ಹಾಕಿದೆ. ಎರಡೂ ಹೋತ. ನಿನ್ನ ಹಾಗೇ ಕರೆದರೆ ಬರುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ‘ಹೂಂ ಅಮ್ಮಾ, ಆಮ್ಯಾಲೆ ಮಾತಾಡ್ತೀನಿ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು, ಸೊಟ್ಟಗಿದ್ದರೂ ಓದು. ನಾಳೆ ಪಕ್ಕದ ಮನೆಯ ಚನ್ನವೀರ ಬೈಕ್ ಮೇಲೆ ಸಿಂಧನೂರಿಗೆ ಹೊರಟಿದ್ದಾನೆ. ಅವನು ವಳಕಮದಿನ್ನಿಗೂ ಹೋಗಿ ನಿನ್ನ ಕೈಯಲ್ಲೇ ಕೊಟ್ಟು ಬರುತ್ತಾನೆ.

ಜೊತೆಗೆ ನಿನ್ನ ಮಗಳು ಅತೀಯಾ ಮಾಡಿದ ಗ್ರೀಟಿಂಗ್ ಇದೆ. ನೀರು ತಾಗಿಸಬೇಡ, ಬಣ್ಣ ಬಿಡುತ್ತದೆ. ಶಾಲೆಯಲ್ಲಿ ಮಹೇಶ್ವರಿ ಟೀಚರ್ ಮಕ್ಕಳಿಗೆಲ್ಲ, ಒಂದು ಪ್ರಾಣಿ ಬರೆದು ಬಣ್ಣ ತುಂಬಿ ಮನೆಯವರಿಗೆ ಯಾರಿಗಾದರೂ ಗ್ರೀಟಿಂಗ್ ಮಾಡಿರಿ ಅಂದರಂತೆ. ದಪ್ಪ ಕಾಗದ ಬೇಕೆಂದು ಮನೆಯೆಲ್ಲ ಕೆದರಿ, ಯಾರದೋ ಹಳೇ ಲಗ್ನಪತ್ರಿಕೆ ತಂದು ಒಳಮೈ ಹೊರಗೆ ಬರುವಂತೆ ಮಡಚಿದಳು. ಹಳದಿ ಕ್ರಯಾನ್ ಉಗುರಿನಷ್ಟೂ ಉಳಿದಿರಲಿಲ್ಲ. ನಾನೇ ಜಾಲಿ ಅಂಟು ನೆನೆಹಾಕಿ ಅರಿಷಿಣ ಕಲಸಿಕೊಟ್ಟೆ. ಪಟ್ಟೆಗೆ ಹಂಚಿನ ತಳದ ಮಸಿ. ಬೆಂಕಿಕಡ್ಡಿಗೆ ಹತ್ತಿ ಸುತ್ತಿದರೆ ಅದೇ ಬ್ರಷ್ಷು. ಕಾಗದಕ್ಕಿಂತ ಹೆಚ್ಚು ಬಣ್ಣ ಹೊಸ ಜಂಪರೊಂದರ ತೋಳಿಗೆ ತಾಗಿತು, ಶಾಕೀರಾ ಅಜ್ಜಿ ಮೊಮ್ಮಗಳು ಇಬ್ಬರಿಗೂ ಕೂಡಿಸಿಯೇ ಬೈದಳು. ಬೈಯಲಿ, ನನ್ನಿಂದಲೇ ಕಲಿತದ್ದು.

ಈಗ ಹುಲಿಯನ್ನು ಸರಿಯಾಗಿ ನೋಡು. ಎರಡೇ ಕಾಲು. ಕೆಂಪು ಚಡ್ಡಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ನಿಂಬೆಹಣ್ಣು, ಮೇಲೊಂದು ಮೀಸೆ. ಹೊಟ್ಟೆಯನ್ನೂ ಬಿಟ್ಟಿಲ್ಲ. ಟೀಚರ್ ನಕ್ಕು, ‘ಹುಲಿಗೆ ನಾಕು ಕಾಲು ಇರ್ತಾವ ಪುಟ್ಟಿ, ಚಡ್ಡಿ ಇರಂಗಿಲ್ಲ’ ಅಂದರಂತೆ. ಇವಳು ಸುಮ್ಮನಿರುವವಳೇ? ‘ನೀವು ಬುಕ್ಕಿನಾಗಿಂದು ನೋಡೀರಿ ಟೀಚರ್, ನಾ ಖರೇ ಹುಲಿ ನೋಡೀನಿ. ನಮ್ಮ ಅಬ್ಬಾ ಅದಾನ’ ಅಂದಳಂತೆ. ಇನ್ನೊಂದು ಬರೆದುಕೊಂಡು ಬಾ ಎಂದು ಕಳಿಸಿದರು. ಟೀಚರಿಗೆಂದು ನಾಲ್ಕು ಕಾಲಿನದೊಂದು ಬರೆದಳು, ಅದು ಬೀದಿನಾಯಿ ಆಯಿತು. ಇದು ಮಾತ್ರ ನಿನಗೇ ಎಂದು ಎತ್ತಿಟ್ಟಳು.

ಅವಳು ಕೈಗೂಸಿದ್ದಾಗ ಜ್ವರ ಬಿಡದೆ ಲಿಂಗಸುಗೂರಿನ ದವಾಖಾನೆಯಲ್ಲಿ ಇಟ್ಟುಕೊಂಡು ಕೂತದ್ದು ನೆನಪಿದೆಯಲ್ಲ. ಆಗ ಶಾಕೀರಾ ಅಲಾಯಿ ದೇವರಿಗೆ ಬೇಡಿಕೊಂಡಳು: ಮಗಳು ಉಳಿದರೆ, ಅವಳು ಶಾಲೆಗೆ ಹೋಗಿ ಓದಲು ಕಲಿಯುವವರೆಗೆ ಅವಳಪ್ಪ ಪ್ರತಿ ಮೊಹರಮ್ಮಿಗೆ ಹುಲಿವೇಷ ಹಾಕುತ್ತಾನೆ. ಈಗ ಹುಡುಗಿ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಎಲ್ಲ ಓದುತ್ತಾಳೆ. ಇದೊಂದು ಸಲ ಕುಣಿದು, ಅಲಾಯಿ ಮುಂದೆ ಸಕ್ಕರೆ ಓದಿಸಿ ಹಂಚಿಬಿಟ್ಟರೆ ಹರಕೆ ಮುಗಿಯಿತು. ಬಿಟ್ಟರೆ ಅಷ್ಟು ವರ್ಷ ಕುಣಿದದ್ದೂ ಅರ್ಧಕ್ಕೇ ನಿಂತ ಹಾಗೆ. ಶಾಕೀರಾ ಬಾಯಿ ಬಿಟ್ಟು ಹೇಳುವುದಿಲ್ಲ. ಹುಡುಗಿಗೆ ಸೀನು ಬಂದರೂ ಹಣೆ ಮುಟ್ಟಿ ನೋಡುತ್ತಾಳೆ.

ಹಬ್ಬಕ್ಕೆ ಬಾ ಎಂದರೆ ನಿನ್ನದು ಒಂದೇ ಹಾಡು. ‘ಕಾಲುವಿಗೆ ನೀರು ಬಿಡ್ತಾರ, ಗದ್ದಿ ಕೆಸರು ಮಾಡಬೇಕು, ಬಸವಂತರಾಯ ಸಾವ್ಕಾರ್ರು ರಜಾ ಕೊಡಂಗಿಲ್ಲ.’ ಇರಬಹುದು, ನೀರು ಹಬ್ಬ ನೋಡಿ ಬರುವುದಿಲ್ಲ. ಆದರೆ ಹೋದ ವರ್ಷ ನೀನು ಕುಣಿದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದದ್ದು, ಅದು ಅಲ್ಲಿನ ಡ್ರೈವರುಗಳಿಗೆಲ್ಲ ಮುಟ್ಟಿದ್ದು, ಚಹಾದಂಗಡಿಯಲ್ಲಿ ನಿನ್ನನ್ನು ‘ಬಾರಪಾ ಹುಲಿಸಾಬ, ಗುರ್ ಅನ್ನು’ ಎಂದು ಕಾಡುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀಯಾ? ಶಾಕೀರಾ ಹೇಳಿದಳು. ನಿನ್ನ ಅಪ್ಪ ಹುಲಿ ಹಾಕುತ್ತಿದ್ದಾಗ ಮೊಬೈಲ್ ಇರಲಿಲ್ಲ, ನಗುವವರು ಆಗಲೂ ಇದ್ದರು. ಹಗಲು ನಕ್ಕವರೇ ಸಂಜೆ ಅಂಜುಬುರುಕ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಬಂದು, ‘ಒಂದೀಟು ತಲಿ ಮ್ಯಾಲೆ ಕೈ ಇಡೋ’ ಅನ್ನುತ್ತಿದ್ದರು. ನಗುವವರಿಗೆ ಹೊಟ್ಟೆತುಂಬ ನಗಲು ಬಿಡು. ನಿನ್ನ ಹೊಟ್ಟೆಯೇ ಅಷ್ಟಿದೆ, ಎಲ್ಲರಿಗೂ ಸಾಲುತ್ತದೆ.

ಹೆಚ್ಚಿಗೆ ಏನು ಬರೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿನ ಹಿರಿಯರಿಗೆ ನನ್ನ ಸಲಾಮು, ಶರಣು ಎರಡೂ ಹೇಳು. ಶಾಕೀರಾ ಮಷಿನ್ ಮುಂದಿನಿಂದಲೇ ಸಲಾಮು ಹೇಳಿದ್ದಾಳೆ. ಅಲ್ಲಾ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಪೀರ್‌ಬೀ

ಚನ್ನವೀರ ಬೈಕ್ ಚಾಲೂ ಮಾಡಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಕಾಗದ ಬರೆದ ಮೇಲೆ ಸಾವ್ಕಾರರ ತಾಯಿ ಶೇಖರಮ್ಮನವರಿಗೆ ಫೋನ್ ಹಚ್ಚಿಸಿದ್ದೆ. ಮಗನಿಗೆ ಎರಡು ದಿನ ರಜಾ ಕೊಡಿಸಿರೆಂದು ಕೈ ಮುಗಿದು ಕೇಳಿದರೆ, ಆಕೆ, ‘ಯಾವ ರಜಾ ಪೀರ್‌ಬೀ? ನಿನ ಮಗ ಕೇಳೇ ಇಲ್ಲಲ್ಲ! ಅಲಾಯಿಗೆ ಬ್ಯಾಡ ಅನ್ನಾಕ ನಮಗೇನು ದೇವರಿಲ್ಲೇನು?’ ಅಂದರು. ಅವರ ಮನೆಯ ಸಕ್ಕರೆಯನ್ನೂ ನಿನ್ನ ಕೈಯಲ್ಲೇ ಕಳಿಸುತ್ತಾರಂತೆ. ಸೋಮವಾರದಿಂದ ನಿನಗೆ ರಜಾ, ನಾನು ತೆಗೆದುಕೊಂಡಾಗಿದೆ. ಇನ್ನೊಂದು ಮಾತು. ಹುಲಿ ಬಣ್ಣ ಬಳಿಯುವ ಇಸ್ಮಾಯಿಲ್‌ಸಾಬ್ ಇವತ್ತು ಬಾಗಿಲಿಗೆ ಬಂದು, ನಿಮ್ಮ ಮನೆಯದು ಈ ಸಲ ಇದೆಯೋ ಇಲ್ಲವೋ ಎಂದು ಕೇಳಿದ. ಅತೀಯಾ ಫ್ರಾಕಿನ ತೋಳು ಮೇಲೇರಿಸಿಕೊಂಡು ಅವನ ಮುಂದೆ ನಿಂತು, ನನ್ನ ಕಡೆ ತಿರುಗಿ, ‘ಅಬ್ಬಾ ಬರದಿದ್ರ ನಾ ಹಚ್ಚಿಸ್ಕೋತೀನಿ, ಹರಕಿ ನಂದೇ ಅಲ್ಲೇನು ದಾದಿ’ ಅಂದಳು. ನಮ್ಮೂರಲ್ಲಿ ಹೆಣ್ಣುಹುಡುಗಿ ಹುಲಿ ಹಾಕಿದ್ದು ನಾನು ಕಂಡಿಲ್ಲ. ಬೇಡ ಅನ್ನಲು ಬಾಯಿ ತೆರೆದೆ, ಬೇಡ ಅನ್ನಲಿಕ್ಕೆ ಕಾರಣ ಸಿಗಲಿಲ್ಲ. ನಮ್ಮ ಮನೆಗೆ ಒಂದು ಹುಲಿ ಎಂದು ಇಸ್ಮಾಯಿಲ್‌ಸಾಬನಿಗೆ ಹೇಳಿ ಕಳಿಸಿದ್ದೇನೆ. ಯಾರ ಮೈಗೆ ಎಂದು ಹೇಳಿಲ್ಲ.