ಏಳನೇ ಗಾಡಿಯ ತೋಳಿನೊಳಗೆ ಬಿಟ್ಟುಕೊಂಡ ಪದರ

ಮಾನ್ಯ ಗುಣಮಟ್ಟ ಪರೀಕ್ಷಾಧಿಕಾರಿಗಳೇ,

ತಾವು ಸುರಕ್ಷಿತವೆಂದು ಮೊಹರು ಒತ್ತಿರುವ ಏಳನೇ ನಂಬರಿನ ಗಾಡಿ ಸುರಕ್ಷಿತವಾಗಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದರ ಎತ್ತುವ ತೋಳಿನ ತುದಿಯ ತೊಟ್ಟಿಯಲ್ಲಿ ನಿಂತು, ನಾಲ್ಕು ಮಹಡಿಯೆತ್ತರದಲ್ಲಿ ವಿದ್ಯುತ್ ತಂತಿ ಬದಲಿಸಬೇಕಾದವಳು ನನ್ನ ಅಕ್ಕ. ಇದನ್ನು ಕಚೇರಿಯ ಮೂಲಕ ಮೂರು ಸಲ ಬರೆದಾಯಿತು. ಮೂರು ಸಲವೂ ತಾವು ನಕ್ಕಿರೆಂದು ತಿಳಿದುಬಂದಿದೆ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಊರಿನಲ್ಲಿ ಯಾರಾದರೊಬ್ಬರು ನಗದೆ ಓದಿಯಾರು.

ತೊಟ್ಟಿಯನ್ನು ಎತ್ತಿ ಹಿಡಿಯುವ ಆ ಉದ್ದನೆಯ ತೋಳು ಕಬ್ಬಿಣದ್ದಲ್ಲ. ಗಾಜಿನ ನಾರಿನ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಅಂಟಿನಲ್ಲಿ ಒಗ್ಗೂಡಿಸಿ ಮಾಡಿದ್ದು. ಅದನ್ನು ಕೊಯ್ಯದೆ, ಒಡೆಯದೆ ಒಳಗಿನ ಹುಳುಕು ಹುಡುಕುವುದು ನನ್ನ ಕೆಲಸ. ಮೇಲೆ ಜೆಲ್ ಸವರಿ, ಬೆರಳುದ್ದದ ಸಾಧನವನ್ನು ಒತ್ತಿ, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸುತ್ತೇನೆ. ಪದರಗಳು ಗಟ್ಟಿಯಾಗಿದ್ದರೆ ಅದು ಆಚೆ ಬದಿ ಮುಟ್ಟಿ ವಾಪಸ್ ಬರುತ್ತದೆ. ಏಳನೇ ಗಾಡಿಯಲ್ಲಿ ಅದು ಅರ್ಧ ದಾರಿಗೇ ಹೋಗಿ ಮರಳುತ್ತಿದೆ. ಒಳಗೆ, ಎರಡು ಅಂಗೈ ಜೋಡಿಸಿದಷ್ಟು ಅಗಲಕ್ಕೆ, ಅಂಟು ಸೋತು ಪದರ ಬಿಟ್ಟುಕೊಂಡಿದೆ; ಭಾರ ಬಿದ್ದರೆ ತೋಳು ಅಲ್ಲಿಯೇ ಮುರಿದೀತು. ಹೊರಗೆ ಮಾತ್ರ ಹಳದಿ ಬಣ್ಣ ಫಳಫಳ. ತಾವು ಬಂದು ಪೆನ್ನಿನ ತುದಿಯಿಂದ ಎರಡು ಸಲ ಟಕ್ ಟಕ್ ಎಂದು ಬಡಿದು, “ಕಲ್ಲಿದ್ದ ಹಾಗಿದೆ, ತಗೊಂಡ್ ಹೋಗ್ರಿ” ಎಂದಿರಿ. ಪೆನ್ನಿಗೆ ಇಷ್ಟು ವಿದ್ಯೆ ಇದೆಯೆಂದು ಗೊತ್ತಿದ್ದರೆ ಇಲಾಖೆ ಆ ಯಂತ್ರಕ್ಕೂ ನನಗೂ ಯಾಕೆ ದಂಡ ತೆರುತ್ತಿತ್ತು?

ನ್ಯಾಯವಾಗಿ ಹೇಳಬೇಕೆಂದರೆ, ತಮ್ಮ ನಗುವಿಗೆ ಕಾರಣ ನಾನೇ. ಕಲಿಯುವವರ ಅಭ್ಯಾಸಕ್ಕೆಂದು ನಾವೇ ಅದೇ ಗಾಜಿನ ನಾರಿನ ಹಲಗೆ ತಯಾರಿಸಿ, ಪದರಗಳ ನಡುವೆ ಪ್ಲಾಸ್ಟಿಕ್ ಚೂರು ಹುದುಗಿಸಿ ಸುಳ್ಳು ದೋಷ ಮಾಡುವ ಪದ್ಧತಿಯಿದೆ. ಹೋದ ವರ್ಷ ನಾನು ಆ ಚೂರನ್ನು ತಮ್ಮ ಮೀಸೆಯ ಆಕಾರಕ್ಕೆ ಕತ್ತರಿಸಿ ಹುದುಗಿಸಿದೆ. ಮೇಲಿನವರು ತಪಾಸಣೆಗೆ ಬಂದ ದಿನವೇ ಯಂತ್ರದ ಪರದೆಯ ಮೇಲೆ ಅದು ಕೆಂಪಗೆ, ಎರಡೂ ತುದಿ ಹುರಿಗೊಂಡು ಮೂಡಿತು. ಇಡೀ ಕೋಣೆ ನಕ್ಕಿತು. ತಾವೊಬ್ಬರೇ ನಗಲಿಲ್ಲ. ಅಂದಿನಿಂದ ನಾನು ಕಂಡುಹಿಡಿದ ದೋಷವೆಲ್ಲ ಕುಚೇಷ್ಟೆ. ನನ್ನ ಮೂರನೇ ವರದಿಯ ಅಂಚಿನಲ್ಲಿ ತಾವು ಬರೆದಿರಿ: “ಈ ಸಲ ಯಾರ ಮೂಗು?” ಯಾರದೂ ಅಲ್ಲ, ಮಾನ್ಯರೇ. ನಿಜವಾದ ದೋಷಕ್ಕೆ ತಮಾಷೆ ಬರುವುದಿಲ್ಲ.

ತಾವು ನಂಬದಿದ್ದರೆ ಹಾಳಾಗಲಿ, ಅಕ್ಕನನ್ನೇ ತಡೆಯೋಣವೆಂದು ಅವಳ ಮನೆಗೆ ಹೋದೆ. ಕೆಲಸದ ಬೂಟಿಗೆ ಹೊಸ ಲೇಸು ಪೋಣಿಸುತ್ತಿದ್ದಳು.

“ಅಕ್ಕಾ, ಸೋಮವಾರ ಆ ಗಾಡಿ ಹತ್ತಬೇಡ.”

“ಯಾಕೋ? ತೊಟ್ಟೀಲಿ ಕಪ್ಪೆ ಬಿಟ್ಟಿದ್ದೀಯಾ?”

“ತೋಳಿನೊಳಗೆ ಪದರ ಬಿಟ್ಟಿದೆ. ದೇವರಾಣೆ.”

“ಅಯ್ಯೋ, ಮುಖ ನೋಡು ಎಷ್ಟು ಗಂಭೀರ! ಇದೇ ಮುಖ ಇಟ್ಕೊಂಡೇ ಅಲ್ವೇನೋ ನನ್ನ ಮದುವೆ ದಿನ ‘ಗಂಡಿನ ಕಡೆಯವರು ವಾಪಸ್ ಹೋದ್ರು’ ಅಂದಿದ್ದು? ಅಪ್ಪ ಚಪ್ಪಲಿ ಇಲ್ದೆ ಬಸ್ ಸ್ಟ್ಯಾಂಡ್‌ವರೆಗೂ ಓಡಿದ್ರು.”

ನನ್ನ ಕಣ್ಣಲ್ಲಿ ನೀರು ಬಂತು. ಅವಳು ಹತ್ತಿರ ಬಂದು ನೋಡಿ, “ಈರುಳ್ಳಿ ಹಿಂಡ್ಕೊಂಡ್ ಬಂದ್ಯಾ, ಕಳ್ಳಾ?” ಎಂದು ನನ್ನ ಬೆರಳು ಮೂಸಿದಳು. ಆಮೇಲೆ, “ಮೊಹರು ಒತ್ತಿದಾರಲ್ಲೋ ಸಾಹೇಬ್ರು. ಸುಮ್ನೆ ಒತ್ತುತಾರಾ?” ಎಂದಳು. ಆ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ. ಸುಮ್ಮನೆ ಒತ್ತುತ್ತೀರಾ?

ನನ್ನ ಬೇಡಿಕೆ ಇಷ್ಟೇ. ಸೋಮವಾರ ಗಾಡಿಯನ್ನು ಒಂದು ಗಂಟೆ ತಡೆಯಿರಿ. ಬೇರೆ ಕಾರ್ಯಾಗಾರದಿಂದ ಯಾರನ್ನಾದರೂ, ಜನ್ಮದಲ್ಲಿ ಒಮ್ಮೆಯೂ ನಗದವರನ್ನು, ಕರೆಸಿ ಪರೀಕ್ಷೆ ಮಾಡಿಸಿ. ನನ್ನ ಕೈವಾಡವೆಂಬ ಅನುಮಾನ ಬಾರದಂತೆ ನಾನು ಗೇಟಿನ ಹೊರಗಿರುತ್ತೇನೆ. ದೋಷ ಇಲ್ಲವೆಂದಾದರೆ ನನ್ನ ರಾಜೀನಾಮೆಯನ್ನು ತಾವೇ ಬರೆದುಕೊಳ್ಳಿ, ಸಹಿ ನನ್ನದು. ಇದೆಯೆಂದಾದರೆ, ಕಂಡುಹಿಡಿದವರು ತಾವೇ ಎಂದು ಬರೆಯಿರಿ; ಅದಕ್ಕೂ ಸಹಿ ನನ್ನದು.

ಇಷ್ಟೂ ಆಗದಿದ್ದರೆ ಅಂದು ನನಗೊಂದು ದಿನ ರಜೆಯನ್ನಾದರೂ ಕೊಡಿ. ಅವಳು ಮೇಲಿರುವಷ್ಟು ಹೊತ್ತು ಆ ತೋಳಿನ ಕೆಳಗೆ ನಿಂತಿರುತ್ತೇನೆ. ನಿಂತು ಏನು ಮಾಡುತ್ತೀ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ.

ಇಂತಿ,
ಈ ಒಂದು ಸಲ ನಿಜ ಹೇಳುತ್ತಿರುವ,
ತಮ್ಮದೇ ಕಾರ್ಯಾಗಾರದ ಕಿರಿಯ ಪರೀಕ್ಷಕ