ತಿರುವಿನಲ್ಲಿ ಹೊತ್ತುವ ದೀಪ

ಆಗಸ್ಟ್ ೧೪, ಗುರುವಾರ. ಕೋಪಕಬಾನಾ, ಬೊಲಿವಿಯಾ.

ಮೂರು ದಿನದಿಂದ ನನ್ನ ಗ್ಯಾರೇಜಿನಲ್ಲಿ ಅದೇ ಕಾಟ, ಬ್ರೇಕಿನ ದೋಷ ತೋರಿಸುವ ಎಬಿಎಸ್ ದೀಪ. ತಿರುವಿನಲ್ಲಿ ಹೊತ್ತಿತು, ನೇರದಲ್ಲಿ ಸತ್ತಿತು! ನಾಳೆಯ ತಪಾಸಣೆಯಲ್ಲಿ ಹೊತ್ತಿದರೆ ಸೆನೋವಿಯಮ್ಮನ ಟ್ಯಾಕ್ಸಿ ರಸ್ತೆಗಿಳಿಯುವಂತಿಲ್ಲ.

“ಮೇಸ್ತ್ರೀ, ಗಾಡಿಗೆ ಇನ್ನೊಂದ್ಸಲ ಪೂಜೆ ಮಾಡಿಸ್ಲಾ?” ಎಂದು ಆಕೆ ದಿನವೂ ಕೇಳುತ್ತಿದ್ದರು.

ಕೊನೆಗೆ ಇಂದು ಸಿಕ್ಕಿತು. ಚಕ್ರದ ವೇಗ ಅಳೆಯುವ ಸೆನ್ಸರಿನ ಅಯಸ್ಕಾಂತಕ್ಕೆ ಬಿಯರ್ ಮುಚ್ಚಳದ ಚೂರೊಂದು ಅಂಟಿಕೊಂಡು, ತಿರುವಿನಲ್ಲಿ ಅಲುಗಿ ಅಳತೆ ಕೆಡಿಸುತ್ತಿತ್ತು. ಪೂಜೆಯ ದಿನ ಇಲ್ಲಿನ ರೂಢಿಯಂತೆ ಚಕ್ರಕ್ಕೆ ಬಿಯರ್ ಸುರಿದಾಗ ಬಿದ್ದದ್ದು.

“ಪೂಜೆ ಕಮ್ಮಿಯಾಗಿಲ್ಲ ತಾಯೀ, ಜಾಸ್ತಿಯಾಗಿದೆ.”

“ನಮ್ಮ ಮೈದ್ನಂದೇ ಕೆಲ್ಸ! ಬಾಟ್ಲಿನ ಚಕ್ರಕ್ಕೇ ಗುದ್ದಿ ತೆಗ್ದಿದ್ದ, ಕತ್ತೆ!”

ಚೂರು ಕಿತ್ತು, ಇಬ್ಬರೂ ಅದೇ ಗಾಡಿಯಲ್ಲಿ ಬೆಟ್ಟದ ದಾರಿ ಹತ್ತಿದೆವು. ಹತ್ತು ತಿರುವಿನವರೆಗೆ ಅವರ ಕಣ್ಣು ದೀಪದ ಮೇಲೇ; ಅದು ಹೊತ್ತಲಿಲ್ಲ. ಹನ್ನೊಂದರಲ್ಲಿ ಆಕೆ ದೀಪವನ್ನೇ ಮರೆತು, ಅಡ್ಡ ಬಂದ ಬಸ್ಸಿನವನಿಗೆ ಬೈಯತೊಡಗಿದರು. ಗಾಡಿ ಸರಿಹೋಯಿತೆಂದು ಆಗ ನಂಬಿದೆ. ಅಷ್ಟು ಇಂಪಾದ ಬೈಗುಳ ನಾನು ಈವರೆಗೆ ಕೇಳಿಲ್ಲ.