ಶಾಲು ಹೊದ್ದ ಆಲೂಗಡ್ಡೆ

...ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಚಳಿಗಾಲದಲ್ಲಿ ಊರು ಸುತ್ತೋದು ಆಗೋ ಮಾತಾ ಅಂದೆಯಲ್ಲ ತಂಗೀ, ಅಥವಾ ಹಾಗೇನೋ ಅಂದ ನೆನಪು. ಅದಕ್ಕೇ ರಜೆಯಲ್ಲಿ ನಿಮ್ಮನ್ನು ಸುತ್ತಿಸಬೇಕೆಂದಿರುವ ದಾರಿಯನ್ನು ಇವತ್ತು ನಾನೇ ನಡೆದು ನೋಡಿದೆ. ಮಕ್ಕಳ ತಳ್ಳುಗಾಡಿಯೊಂದನ್ನು ಬಾಡಿಗೆಗೆ ತಂದು, ನಿನ್ನ ಚಿಕ್ಕವನ ತೂಕದಷ್ಟು ಆಲೂಗಡ್ಡೆ ತುಂಬಿ, ನಾಚಿಕೆಗೆ ಮೇಲೊಂದು ಶಾಲು ಹೊದಿಸಿ ಹೊರಟೆ. ಮಗುವಿನ ಗಾಡಿ ತಳ್ಳುವವನಿಗೆ ಊರು ತಾನಾಗಿ ದಾರಿ ಬಿಡುತ್ತದೆ. ಇಷ್ಟು ವರ್ಷ ಒಬ್ಬನೇ ನಡೆದವನಿಗೆ ಇದು ಹೊಸದು.

ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬಳು, "ಮುಖಾನೂ ಮುಚ್ಚಿದೀಯಲ್ಲಪ್ಪಾ, ಉಸಿರು ಕಟ್ಟಲ್ವಾ?" ಎಂದು ಶಾಲು ಸರಿಸಿಯೇಬಿಟ್ಟಳು. ಆಲೂಗಡ್ಡೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಮೂಗು ಥೇಟ್ ಅಪ್ಪಂದೇ," ಎಂದು ಮತ್ತೆ ಜೋಪಾನವಾಗಿ ಹೊದಿಸಿದಳು. ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಮೆಟ್ಟಿಲು ಬಂದ ಕಡೆ ಗಾಡಿ ಎತ್ತಲು ಕೈ ಜೋಡಿಸುವ ಜನ ಸಿಕ್ಕರು. ನನಗೆ ಸ್ವಲ್ಪ ನೆಗಡಿ, ಮಂಡಿ ಪರವಾಗಿಲ್ಲ. ಇಲ್ಲಿ ಬಿಸಿನೀರು ಯಾವಾಗಲೂ ಬರುತ್ತದೆ. ನನ್ನ ಪಕ್ಕದ ಕೋಣೆ ಖಾಲಿಯಿದೆ. ಮನೆಯೊಡತಿ ತಿಂಗಳ ಕೊನೆವರೆಗೆ ಅದನ್ನು ಬೇರೆಯವರಿಗೆ ಕೊಡುವುದಿಲ್ಲವಂತೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅವಳಿಗೆ ಹೂಂ ಅಂದುಬಿಡಲಾ?

ಅಣ್ಣ